ಒಂದೇ ಮಾತು, ಎರಡು ಲೂಪು

ಕೇಳುಗರಿಗೆ ನಮಸ್ಕಾರ.

ಸ್ಯಾನ್ ಫ್ರಾನ್ಸಿಸ್ಕೋದ ಯೂನಿಯನ್ ಸ್ಕ್ವೇರಿನಲ್ಲಿ ಬೀದಿ ಬೋಧಕನೊಬ್ಬ ನೋಹನ ಕಾಲದ ಪ್ರಳಯವನ್ನು ಆವೇಶದಿಂದ ಸಾರುತ್ತಿದ್ದ. ಅಮೆರಿಕದ ಸಂಗೀತ ರಚನಕಾರ ಸ್ಟೀವ್ ರೈಶ್ 1964ರಲ್ಲಿ ಅದನ್ನು ಟೇಪಿಗೆ ಹಿಡಿದರು. ಮರುವರ್ಷ ಅದರಿಂದ 'ಇಟ್ಸ್ ಗೊನ್ನ ರೇನ್' ಎಂಬ ಸಂಗೀತ ಕೃತಿ ಹುಟ್ಟಿತು: ಒಂದೇ ತುಣುಕಿನ ಎರಡು ಲೂಪು, ಅಂದರೆ ಮುಗಿದೊಡನೆ ಮತ್ತೆ ಮೊದಲಿಂದ ಓಡುವ ಸುತ್ತು, ಎರಡು ಯಂತ್ರ, ಓಟದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ.

ಇಂದು ಇಂಥದ್ದನ್ನು ನೀವೇ ಮಾಡಲು ಉಚಿತವಾಗಿ ಸಿಗುವ, ದನಿ ಕತ್ತರಿಸಿ ಜೋಡಿಸುವ ಆಡಾಸಿಟಿ ತಂತ್ರಾಂಶ ಸಾಕು. ಮಾತನ್ನು ಅರ್ಥ ನೋಡಿ ಆರಿಸುವವರೇ ಹೆಚ್ಚು. ಆರಿಸಬೇಕಾದ್ದು ಏರಿಳಿತ ನೋಡಿ. ಬಸ್ ಕಂಡಕ್ಟರು ಊರಿನ ಹೆಸರು ಕೂಗಿದ್ದು ಹತ್ತು ಸಲ ಮರುಕಳಿಸುವಷ್ಟರಲ್ಲಿ ಹಾಡಾಗುತ್ತದೆ. ಸುದ್ದಿ ಓದುವ ಸಮತಟ್ಟು ದನಿ ನೂರು ಸಲವಾದರೂ ಸುದ್ದಿಯೇ. ಬಾನುಲಿಯಲ್ಲಿ ಕೂತು ಇದನ್ನು ಹೇಳಬಾರದೇನೋ!

ಮೈಕು ಬಾಯಿಂದ ಒಂದು ಗೇಣು ದೂರ, ತುಸು ಓರೆಯಾಗಿರಲಿ. ನೇರ ಹಿಡಿದರೆ ಪಕಾರ, ಬಕಾರಗಳ ಗಾಳಿ ಧಡ್ ಎಂದು ಬಡಿಯುತ್ತದೆ. ಬರಿಗೋಡೆಯ ಕೋಣೆ ಬೇಡ. ಅದರ ಅನುರಣನ, ಅಂದರೆ ಗೋಡೆಗೆ ಬಡಿದು ಉಳಿಯುವ ದನಿ, ಲೂಪಿನ ಅಂಚಿನಲ್ಲಿ ತುಂಡಾಗಿ, ಪ್ರತಿ ಸುತ್ತಿಗೂ ಜರ್ಕು ಹೊಡೆಯುತ್ತದೆ. ಕಂಬಳಿ ಕಟ್ಟಿದರೆ ತಗ್ಗುತ್ತದೆ.

ಕೆಲಸವೆಲ್ಲ ಇರುವುದು ಕತ್ತರಿಯಲ್ಲಿ. ಪರದೆಯಲ್ಲಿ ಕಾಣುವ ದನಿಯ ಅಲೆ ನಡುವಿನ ಸೊನ್ನೆ ಗೆರೆಯನ್ನು ದಾಟುವ ಕಡೆಯೇ ಕತ್ತರಿಸಿ, ಎರಡೂ ತುದಿಗೆ 5 ಮಿಲಿಸೆಕೆಂಡಿನ ಫೇಡ್ ಕೊಡಿ, ಅಂದರೆ ದನಿ ಮೆಲ್ಲಗೆ ಏರಿ ಮೆಲ್ಲಗೆ ಇಳಿಯಲಿ. ಇಲ್ಲದಿದ್ದರೆ 'ಟಕ್' ಎನ್ನುತ್ತದೆ. ಕ, ತ, ಪಗಳಿಗೆ ಮುಂಚೆ ಬಾಯಲ್ಲಿ ಗಾಳಿಯ ದಾರಿ ಮುಚ್ಚಿರುವುದರಿಂದ ಅಲ್ಲೊಂದು ಮೌನ ತಾನಾಗಿ ಇರುತ್ತದೆ, ಲೂಪು ಅಲ್ಲಿಂದ ಶುರುವಾಗಲಿ. ಆದರೆ ಮಾತಿನ ನಡುವಿನ ಮೌನವನ್ನು ಮುಟ್ಟಬೇಡಿ. 'ಕತ್ತೆ'ಯ ಒತ್ತಿನಲ್ಲಿರುವುದು ಬಹುಪಾಲು ಮೌನವೇ. ಅದರಲ್ಲಿ ಸುಮಾರು ಹತ್ತನೇ ಒಂದು ಸೆಕೆಂಡು ಕಿತ್ತರೆ 'ಕತೆ' ಎಂದೇ ಕೇಳುತ್ತದೆ. ಸೆಕೆಂಡಿಗೆ 19 ಸೆಂಟಿಮೀಟರು ಓಡುವ ಟೇಪಿನಲ್ಲಿ ಅದು ಎರಡು ಸೆಂಟಿಮೀಟರಿನ ತುಂಡು. ಮೌನವನ್ನು ತಾನೇ ಹುಡುಕಿ ಅಳಿಸುವ ಸಲಕರಣೆಯನ್ನು ಇಲ್ಲಿ ಬಳಸಲೇಬಾರದು.

ಲೂಪು ಸರಿಯಾಗಿ 1000 ಮಿಲಿಸೆಕೆಂಡು ಇದೆಯೆನ್ನಿ. ನಕಲಿನ ಕೊನೆಗೆ 5 ಮಿಲಿಸೆಕೆಂಡು ಮೌನ ಸೇರಿಸಿ. ಮೂಲ ಎಡಕ್ಕೆ, ನಕಲು ಬಲಕ್ಕೆ; ಮೂಲವನ್ನು 201 ಸಲ, ನಕಲನ್ನು 200 ಸಲ ಓಡಿಸಿ. 201 ಸೆಕೆಂಡಿಗೆ ಎರಡೂ ಮತ್ತೆ ಕೂಡುತ್ತವೆ. ಮೊದಲ ಐದಾರು ಸುತ್ತು ಎರಡು ದನಿ ಎನಿಸುವುದಿಲ್ಲ, ಒಂದೇ ದನಿ ಎಡಕ್ಕೆ ವಾಲುತ್ತದೆ. ಆಮೇಲೆ ಪ್ರತಿಧ್ವನಿ. ನೂರನೇ ಸುತ್ತಿನ ಹೊತ್ತಿಗೆ ಒಂದರ ನಡುವೆ ಇನ್ನೊಂದು ನುಗ್ಗಿ, ಯಾರೂ ಆಡದ ಪದಗಳು ಕೇಳತೊಡಗುತ್ತವೆ. ಕೊನೆಯಲ್ಲಿ ನಕಲೇ ಮುಂದಾಗಿ ದನಿ ಬಲಕ್ಕೆ ವಾಲುತ್ತದೆ. ಒಂದೇ ಸ್ಪೀಕರಿನ ರೇಡಿಯೋದಲ್ಲಿ ಈ ವಾಲಾಟ ಸಿಗದು; ಬದಲಿಗೆ ದನಿ ಡಬ್ಬದೊಳಗಿಂದ ಬಂದಂತೆ ಟೊಳ್ಳಾಗುತ್ತದೆ. ಅದೂ ಚೆನ್ನಾಗಿಯೇ ಇರುತ್ತದೆ.

ಲೂಪನ್ನು ಉಳಿಸುವಾಗ ಎಂಪಿ3 ಬೇಡ, ವೇವ್ ಕಡತವೇ ಇರಲಿ. ಎಂಪಿ3 ತುದಿಗಳಲ್ಲಿ ತನ್ನದೇ ಮೌನ ತುಂಬುತ್ತದೆ, ನಿಮ್ಮ ಐದು ಮಿಲಿಸೆಕೆಂಡಿನ ಲೆಕ್ಕವೆಲ್ಲ ತಲೆಕೆಳಗು.