ಕೇಳುವವರೇ ಇಲ್ಲದ ಹಾಡು

ಎಲ್ಲರಿಗೂ ನಮಸ್ಕಾರ.

ಹೋದ ತಿಂಗಳು ಊಟದ ಹೊತ್ತಲ್ಲಿ ನಮ್ಮವರೇ ಒಬ್ಬರು ಒಂದು ಮಾತು ಹೇಳಿದರು. ‘ಅಮೆರಿಕದ ಹಳ್ಳಿ ಕಡೆ ಸಂಗೀತ ಅಂದ್ರೆ ಏನಿದೆ, ಗಿಟಾರ್ ಹಿಡ್ಕೊಂಡು ಹಾಡೋದು, ಅಷ್ಟೇ ತಾನೇ?’ ಆ ಮಾತು ನನ್ನ ಮನಸ್ಸಲ್ಲೇ ಉಳಿದುಬಿಟ್ಟಿತು. ಅದಕ್ಕೇ ಇವತ್ತು ನಾನಾಗಿಯೇ ಈ ಅರ್ಧ ಗಂಟೆ ಕೇಳಿ ಪಡೆದುಕೊಂಡಿದ್ದೇನೆ.

ನಾವು ಅಟ್ಲಾಂಟಾದಲ್ಲಿ ಕೂತಿದ್ದೇವೆ. ಪಶ್ಚಿಮಕ್ಕೆ ಹೊರಟರೆ ಒಂದು ಗಂಟೆ ದಾರಿ, ಬ್ರೆಮೆನ್ ಅಂತ ಊರು. ಸ್ವಲ್ಪ ಉತ್ತರಕ್ಕೆ ಹೋಗಿ ಅಲಬಾಮಾ ರಾಜ್ಯದ ಗಡಿ ದಾಟಿದರೆ ಸ್ಯಾಂಡ್ ಮೌಂಟನ್, ಅಲ್ಲಿ ಹೆನಗರ್. ಆ ಕಡೆಯ ಸಣ್ಣ ಸಣ್ಣ ಚರ್ಚುಗಳಲ್ಲಿ ವರ್ಷಕ್ಕೆ ಒಂದೋ ಎರಡೋ ದಿನ ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಜನ ಸೇರಿ ಹಾಡುತ್ತಾರೆ. ಗಿಟಾರ್ ಇಲ್ಲ, ಪಿಯಾನೋ ಇಲ್ಲ. ಸ್ಟೇಜೂ ಇಲ್ಲ. ಕೇಳುವವರು ಅಂತ ಬೇರೆ ಯಾರೂ ಇಲ್ಲ. ಬಂದವರೆಲ್ಲ ಹಾಡುವವರೇ.

ಇದಕ್ಕೆ ಸೇಕ್ರೆಡ್ ಹಾರ್ಪ್ ಅಂತ ಹೆಸರು. 1844ರಲ್ಲಿ ಅಚ್ಚಾದ ಒಂದು ಹಾಡಿನ ಪುಸ್ತಕದ ಹೆಸರು ಅದು. ಮಾಡಿದವರು ಬಿ. ಎಫ್. ವೈಟ್ ಮತ್ತು ಇ. ಜೆ. ಕಿಂಗ್, ಇಬ್ಬರೂ ಆಗ ನಮ್ಮ ಈ ಜಾರ್ಜಿಯಾ ರಾಜ್ಯದಲ್ಲೇ ಇದ್ದವರು. ಹಾರ್ಪ್ ಅನ್ನೋ ತಂತಿವಾದ್ಯ ಎಲ್ಲಿ ಅಂತ ಹುಡುಕಬೇಡಿ. ಅದು ನಿಮ್ಮ ಗಂಟಲೇ ಅಂತ ಅಲ್ಲಿ ಹಾಡುವವರು ಹೇಳುತ್ತಾರೆ.

ಪುಸ್ತಕ ತೆರೆದರೆ ಒಂದು ಚಂದದ ವಿಷಯ ಕಾಣುತ್ತದೆ. ಸ್ವರದ ಗುರುತುಗಳೆಲ್ಲ ಒಂದೇ ಥರ ಇಲ್ಲ. ಫಾ ಅಂದ್ರೆ ತ್ರಿಕೋನ, ಸೋಲ್ ದುಂಡಗೆ, ಲಾ ಚೌಕ, ಮಿ ವಜ್ರದ ಆಕಾರ. ಏಳು ಸ್ವರಕ್ಕೆ ನಾಲ್ಕೇ ಹೆಸರು: ಫಾ ಸೋಲ್ ಲಾ, ಫಾ ಸೋಲ್ ಲಾ, ಮಿ, ಆಮೇಲೆ ಮತ್ತೆ ಫಾ. ಸ್ವರ ಯಾವ ಗೆರೆ ಮೇಲಿದೆ ಅಂತ ಲೆಕ್ಕ ಹಾಕುವ ಕಷ್ಟ ಬೇಡ, ಆಕಾರ ನೋಡಿದ ಕೂಡಲೇ ಸ್ವರ ಬಾಯಿಗೆ ಬರಬೇಕು. ಹೊಲದಲ್ಲಿ ದುಡಿಯುವ ಜನಕ್ಕೆ ವರ್ಷಗಟ್ಟಲೆ ಪಾಠ ಹೇಳಿಸಿಕೊಳ್ಳುವಷ್ಟು ಪುರುಸೊತ್ತು ಎಲ್ಲಿತ್ತು? ಹಾಡಿನ ಮೇಷ್ಟ್ರು ಊರೂರು ತಿರುಗುತ್ತಿದ್ದರು. ಒಂದು ಊರಲ್ಲಿ ಒಂದೆರಡು ವಾರ ಇದ್ದು ಕಲಿಸಿ ಮುಂದಿನ ಊರಿಗೆ ಹೋಗುತ್ತಿದ್ದರು. ಅಷ್ಟರಲ್ಲಿ ಊರಿಗೆ ಊರೇ ನೋಡಿಕೊಂಡು ಹಾಡುವಷ್ಟಾಗುತ್ತಿತ್ತು.

ಇನ್ನೊಂದು ಕೇಳಿ. ಯಾವ ಹಾಡೇ ಆಗಲಿ, ಮೊದಲ ಸಲ ಮಾತಿಲ್ಲದೆ ಬರೀ ಸ್ವರ ಹಾಡುತ್ತಾರೆ. ಆಮೇಲೆ ಸಾಹಿತ್ಯ. ನಮ್ಮ ಮಕ್ಕಳು ಪಾಠದಲ್ಲಿ ಗೀತೆ ಹೇಳುವುದೂ ಹೀಗೇ ಅಲ್ವಾ? ಅಲ್ಲಿ ಮೊದಲ ಸಲ ಇದನ್ನು ಕೇಳಿದಾಗ ನನಗೆ ಮೈ ಜುಂ ಅಂದಿತು.

ಆ ಮೊದಲ ದಿನದ ಬಗ್ಗೆ ಹೇಳಲೇಬೇಕು.

ನಾನು ಹೋಗಿದ್ದು ಸುಮ್ನೆ ಕೇಳೋಕೆ. ಹಿಂದಿನ ಬೆಂಚಲ್ಲಿ ಮೂಲೆ ಹಿಡಿದು ಕೂತೆ. ಎಂಬತ್ತು ದಾಟಿದ ಒಬ್ಬ ಅಜ್ಜಿ ಎದ್ದು ಬಂದರು. ಕೈಯಲ್ಲಿ ಎರಡು ಪುಸ್ತಕ. ಒಂದನ್ನು ನನ್ನ ಮಡಿಲಿಗೆ ಹಾಕಿ, ‘ಇಲ್ಲಿ ಏನೂ ಕೇಳಿಸಲ್ಲ, ಮುಂದೆ ಬಾ’ ಅಂದರು. ನನಗೆ ಹಾಡೋಕೆ ಬರಲ್ಲ ಅಂದೆ. ‘ಯಾರು ಹಾಗೆ ಹೇಳಿದ್ದು?’ ಅಂತ ಕೇಳಿದರು.

ಯಾರು ಹೇಳಿದ್ದು ಅಂತ ನನಗೆ ಚೆನ್ನಾಗಿ ನೆನಪಿತ್ತು. ಐದನೇ ಕ್ಲಾಸಲ್ಲಿ ಪ್ರಾರ್ಥನೆಗೆ ಆರಿಸುವಾಗ ಟೀಚರ್ ನನ್ನ ಹತ್ತಿರ ಬಂದು, ‘ನೀನು ಸಾಲಲ್ಲಿ ನಿಂತ್ಕೋ, ಬರೀ ತುಟಿ ಆಡಿಸು’ ಅಂದಿದ್ದರು. ಮೂವತ್ತು ವರ್ಷ ನಾನು ತುಟಿಯೇ ಆಡಿಸಿದೆ. ಮದುವೆ ಮನೆಯಲ್ಲಿ, ಭಜನೆಯಲ್ಲಿ, ಕೊನೆಗೆ ನನ್ನ ಮಗುವನ್ನು ಮಲಗಿಸುವಾಗಲೂ ಟೇಪ್ ಹಾಕುತ್ತಿದ್ದೆ. ಈ ಸಭೆಯಲ್ಲಿ ಹೀಗೆ ಬಾಯಿ ಮುಚ್ಚಿಸಿಕೊಂಡವರು ನಾನೊಬ್ಬಳೇ ಅಲ್ಲ ಅಂತ ನನಗೆ ಗೊತ್ತು.

ಬೆಂಚುಗಳನ್ನು ಅಲ್ಲಿ ಚೌಕವಾಗಿ ಇಟ್ಟಿರುತ್ತಾರೆ, ಮಧ್ಯ ಖಾಲಿ. ಹಾಡಿಗೆ ನಾಲ್ಕು ಬೇರೆ ಬೇರೆ ದನಿಯ ಗುಂಪು, ಒಂದೊಂದಕ್ಕೆ ಒಂದು ಬದಿ: ಟೆನರ್‌ನವರ ಎದುರು ಆಲ್ಟೊ, ಟ್ರೆಬಲ್‌ನವರ ಎದುರು ಬಾಸ್. ಎಲ್ಲರ ಮುಖವೂ ಒಳಗೆ. ಅಜ್ಜಿ ನನ್ನನ್ನು ಟೆನರ್ ಸಾಲಲ್ಲಿ ಪಕ್ಕಕ್ಕೆ ಕೂರಿಸಿಕೊಂಡರು. ಮೂಲ ರಾಗ ಆ ಸಾಲಲ್ಲೇ ಇರುತ್ತದೆ, ಗಂಡಸರೂ ಹೆಂಗಸರೂ ಸೇರಿ ಹಾಡುತ್ತಾರೆ. ಒಬ್ಬರು ಪುಟದ ಸಂಖ್ಯೆ ಕೂಗಿದರು. ಶ್ರುತಿ ಪೆಟ್ಟಿಗೆ ಇಲ್ಲ. ಮುಂದಿನ ಸಾಲಿನ ಒಬ್ಬರು ತಮ್ಮ ಅಂದಾಜಲ್ಲೇ ಸ್ವರ ಎತ್ತಿ ಕೊಟ್ಟರು. ಬಲಗೈಗಳು ಎದ್ದವು, ಮೇಲೆ ಕೆಳಗೆ, ಮೇಲೆ ಕೆಳಗೆ. ಅಷ್ಟೇ ನೋಡಿ. ಇಷ್ಟು ಗಟ್ಟಿಯಾಗಿ ಮನುಷ್ಯರು ಹಾಡಿದ್ದನ್ನು ನಾನು ಕೇಳಿರಲಿಲ್ಲ. ನಯ ಇಲ್ಲ, ನಾಜೂಕಿಲ್ಲ, ಎದೆ ತುಂಬ ಉಸಿರೆಳೆದು ಬಿಡುವುದು. ಕಾಲ ಕೆಳಗೆ ಮರದ ನೆಲ ನಡುಗುತ್ತಿತ್ತು. ಅಜ್ಜಿಯ ಬೆರಳು ನನ್ನ ಪುಟದ ಮೇಲೆ ತ್ರಿಕೋನದಿಂದ ಚೌಕಕ್ಕೆ ಓಡುತ್ತಿತ್ತು. ಆ ಗದ್ದಲದಲ್ಲಿ ನನ್ನ ಬಾಯಿಂದಲೂ ಏನೋ ಹೊರಟಿತು. ಸರಿಯೋ ತಪ್ಪೋ, ಯಾರೂ ತಿರುಗಿ ನೋಡಲಿಲ್ಲ.

ಅಲ್ಲಿ ಒಬ್ಬೊಬ್ಬರೇ ಸರದಿಯಂತೆ ಮಧ್ಯಕ್ಕೆ ಬಂದು ಹಾಡು ನಡೆಸುತ್ತಾರೆ. ಆರು ವರ್ಷದ ಹುಡುಗಿಗೂ ಸರದಿ, ವಾಕರ್ ಹಿಡಿದು ಬರುವ ಮುದುಕರಿಗೂ ಸರದಿ. ರಿಹರ್ಸಲ್ ಇಲ್ಲ, ಚಪ್ಪಾಳೆ ಇಲ್ಲ. ಚಪ್ಪಾಳೆ ತಟ್ಟೋಕೆ ಕೇಳುವವರು ಬೇಕಲ್ಲ!

ಮಧ್ಯಾಹ್ನ ಹೊರಗೆ ಮರದ ಕೆಳಗೆ ಉದ್ದದ ಮೇಜುಗಳ ಮೇಲೆ ಊಟ. ಪ್ರತಿ ಮನೆಯಿಂದಲೂ ಒಂದು ಪಾತ್ರೆ. ನಾನು ಮಾಂಸ ತಿನ್ನಲ್ಲ ಅಂತ ತಿಳಿದದ್ದೇ, ಅಜ್ಜಿ ಮೇಜಿನ ಈ ತುದಿಯಿಂದ ಆ ತುದಿಗೆ ನಡೆದು, ಯಾವುದರಲ್ಲಿ ಹಂದಿ ಕೊಬ್ಬು ಹಾಕಿಲ್ಲ ಅಂತ ಒಬ್ಬೊಬ್ಬರನ್ನೇ ವಿಚಾರಿಸಿ ಬಂದರು. ನನ್ನ ತಟ್ಟೆಗೆ ಬಿದ್ದದ್ದು ಮೆಕ್ಕೆಜೋಳದ ಬ್ರೆಡ್, ಗೆಣಸಿನ ಪೈ, ಮೆಕ್ಕೆಜೋಳದ ಹಿಟ್ಟಲ್ಲಿ ಅದ್ದಿ ಕರಿದ ಬೆಂಡೆಕಾಯಿ. ಬೆಂಡೆಕಾಯಿ ಕಂಡು ನನಗೆ ತವರು ನೆನಪಾಯಿತು.

ಅಲ್ಲಿ ಇನ್ನೊಂದು ಪದ್ಧತಿ ಇದೆ. ಕಳೆದ ವರ್ಷ ತೀರಿಕೊಂಡವರ ಹೆಸರು ಓದಿ ಅವರಿಗಾಗಿ ಹಾಡುತ್ತಾರೆ. ಹಾಸಿಗೆ ಹಿಡಿದು ಬರಲಾಗದವರಿಗಾಗಿಯೂ ಹಾಡುತ್ತಾರೆ. ಪಟ್ಟಿಯಲ್ಲಿ ನಾವೂ ಹೆಸರು ಬರೆಯಬಹುದು. ಎರಡನೇ ವರ್ಷ ನಾನು ಹೋಗುವ ಹೊತ್ತಿಗೆ ನನ್ನ ಅಮ್ಮ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಅಮ್ಮನ ಹೆಸರು ಬರೆದೆ. ಆ ಹೆಸರಲ್ಲಿ ಒಂದು ‘ಳ’ ಇದೆ. ಪಟ್ಟಿ ಓದಬೇಕಾದವರು ಕೋಳಿ ಸಾಕುವ ರೈತ, ಆರಡಿ ಆಳು. ಬಿಡುವಿನಲ್ಲಿ ಮೂರು ಸಲ ನನ್ನ ಹತ್ತಿರ ಬಂದು ‘ಳ’ ಹೇಳಿಸಿಕೊಂಡರು. ನಾಲಿಗೆ ಎಲ್ಲಿ ಮಡಿಸಬೇಕು, ತೋರಿಸು ಅಂದರು. ಓದುವಾಗ ಆ ಹೆಸರಿನ ಮುಂದೆ ಒಂದು ಕ್ಷಣ ನಿಂತರು, ಉಸಿರು ತಗೊಂಡರು, ಸರಿಯಾಗಿ ಹೇಳಿದರು. ನಮ್ಮ ಆಫೀಸಿನಲ್ಲಿ ಹನ್ನೆರಡು ವರ್ಷ ಜೊತೆಗಿದ್ದವರಿಗೂ ನನ್ನ ಹೆಸರು ಇನ್ನೂ ಸರಿಯಾಗಿ ಬರುವುದಿಲ್ಲ. ಆಮೇಲೆ ಎಲ್ಲರೂ ನನ್ನ ಅಮ್ಮನಿಗಾಗಿ ಹಾಡಿದರು. ನಾನೂ ಹಾಡಿದೆ.

ಐದೇ ನಿಮಿಷ ಇದೆ ಅಂತ ಚೀಟಿ ಬಂತು. ಇತಿಹಾಸ ಬಹಳ ಬರೆದುಕೊಂಡು ಬಂದಿದ್ದೆ, ಬೇಗ ಹೇಳುತ್ತೇನೆ.

ಈ ಹಾಡುಗಾರಿಕೆಯ ಬೇರು ಉತ್ತರದಲ್ಲಿ, ಬಾಸ್ಟನ್ ಕಡೆ. ಅಲ್ಲಿ ಚರ್ಮ ಹದ ಮಾಡುತ್ತಿದ್ದ ವಿಲಿಯಂ ಬಿಲ್ಲಿಂಗ್ಸ್ 1770ರಲ್ಲೇ ತನ್ನ ಸ್ವಂತ ರಚನೆಗಳ ಪುಸ್ತಕ ತಂದಿದ್ದ. ಮುಂದೆ ಲೋವೆಲ್ ಮೇಸನ್‌ರಂಥ ಸಂಗೀತ ಶಿಕ್ಷಕರು ಬಂದರು. ಯುರೋಪಿನ ಮಾದರಿಯ ಸಂಗೀತವೇ ಮೇಲು ಅನ್ನುವುದು ಅವರ ನಂಬಿಕೆ. 1838ರಲ್ಲಿ ಬಾಸ್ಟನ್ ಶಾಲೆಗಳಿಗೆ ಸಂಗೀತ ಪಾಠ ತಂದವರೂ ಮೇಸನ್ ಅವರೇ, ಅದು ದೊಡ್ಡ ಕೆಲಸ. ಆದರೆ ಈ ಹಳೆಯ ಹಾಡು ಒರಟು ಅಂತ ಪೇಟೆಗಳಿಂದ ಹೊರಗೆ ಬಿತ್ತು. ದಕ್ಷಿಣದ ಹಳ್ಳಿಗಳು ಅದನ್ನು ಉಳಿಸಿಕೊಂಡವು. ಐದನೇ ಕ್ಲಾಸಿನ ನನ್ನ ಕಥೆಯೂ ಇದೇ ಅಂತ ನನಗೆ ಅನಿಸುತ್ತದೆ. ಒಳ್ಳೆಯ ದನಿ ಇದ್ದವರು ಮುಂದೆ ಬರಲಿ, ಉಳಿದವರು ಕೇಳಲಿ ಅನ್ನುವ ಲೆಕ್ಕ.

ಜಡ್ಜ್ ಜ್ಯಾಕ್ಸನ್ ಬಗ್ಗೆ ಹೇಳದೆ ಇಳಿಯಲಾರೆ. ಜಡ್ಜ್ ಅನ್ನುವುದು ಹುದ್ದೆಯಲ್ಲ, ಹೆಸರೇ ಹಾಗೆ. ಅಲಬಾಮಾದ ಓಝಾರ್ಕ್ ಊರಿನ ಕಪ್ಪು ಜನರಲ್ಲೂ ಈ ಹಾಡುಗಾರಿಕೆ ಇತ್ತು. ಆದರೆ ಬಿಳಿಯರ ಕೂಟ ಬೇರೆ, ಇವರ ಕೂಟ ಬೇರೆ. ಜ್ಯಾಕ್ಸನ್ 1934ರಲ್ಲಿ, ಇಡೀ ದೇಶ ಆರ್ಥಿಕ ಕುಸಿತದಲ್ಲಿ ಒದ್ದಾಡುತ್ತಿದ್ದಾಗ, ಕೈಯಿಂದ ದುಡ್ಡು ಹಾಕಿ 77 ಹಾಡುಗಳ ಪುಸ್ತಕ ಅಚ್ಚು ಹಾಕಿಸಿದರು. ಅವರ ಬಗ್ಗೆಯೇ ಒಂದು ಸಂಜೆ ಮಾತಾಡಬೇಕು.

ಜನಪದ ಹಾಡು ಸಂಗ್ರಹಿಸುತ್ತಿದ್ದ ಅಲನ್ ಲೋಮ್ಯಾಕ್ಸ್ 1942ರಲ್ಲಿ ಈ ಹಾಡುಗಳನ್ನು ರೆಕಾರ್ಡ್ ಮಾಡಿಕೊಂಡರು, ತೃಪ್ತಿಯಾಗಲಿಲ್ಲ. 1959ರಲ್ಲಿ ಸ್ಟೀರಿಯೋ ಮೆಷಿನ್ ತಗೊಂಡು ಅಲಬಾಮಾದ ಫೈಫ್‌ಗೆ ಬಂದರು. ನಾಲ್ಕು ದಿಕ್ಕಿನಿಂದ ಬರುವ ಹಾಡು ಒಂದೇ ಸ್ಪೀಕರಿಗೆ ಹೇಗೆ ಹಿಡಿಸಬೇಕು? ಈಗ ಪೋಲೆಂಡಲ್ಲಿ, ಐರ್ಲೆಂಡಿನ ಕಾರ್ಕ್‌ನಲ್ಲಿ ಕೂಡ ಹಾಡುವವರಿದ್ದಾರೆ. ಕೇಳೋಕಾದರೆ ರಸ್ತೆ ಕೂಡ ದಾಟಲ್ಲ, ಹಾಡೋಕಾದರೆ ಐನೂರು ಮೈಲಿ ಹೋಗ್ತೀವಿ ಅನ್ನುವ ಮಾತು ಹಾಡುವವರಲ್ಲಿ ಓಡಾಡುತ್ತದೆ.

ಸರಿ, ಇನ್ನು ಮಾತು ಬೇಡ. ನಿಮ್ಮ ಕುರ್ಚಿ ಕೆಳಗೆ ಒಂದೊಂದು ಹಾಳೆ ಇದೆ. ಆ ಪುಸ್ತಕದ 45ನೇ ಪುಟ, ಮೇಲಿನ ಹಾಡು. ಅಮೇಜಿಂಗ್ ಗ್ರೇಸ್ ಅಂತ ನಿಮಗೆಲ್ಲ ಗೊತ್ತಿರುವ ಧಾಟಿಯೇ. ಮುಂದಿನ ಎರಡು ಸಾಲಿನವರು ದಯವಿಟ್ಟು ಎದ್ದು ಕುರ್ಚಿ ಹಿಂದಕ್ಕೆ ತಿರುಗಿಸಿ. ಪಕ್ಕದವರು ಒಳಗೆ ಮುಖ ಮಾಡಿ. ಹಾಂ, ಹಾಗೆ. ಮಧ್ಯದಲ್ಲಿ ಸ್ವಲ್ಪ ಜಾಗ ಬಿಡಿ. ಮೈಕು ಆರಿಸಿಬಿಡಪ್ಪಾ. ಮೊದಲು ಆಕಾರಗಳು. ಕೈ ಮೇಲೆತ್ತಿ: ಸೋಲ್, ಫಾ, ಲಾ ಫಾ ಲಾ...