ರಾಜಕಾಲುವೆ ಎಂಬ ಮಾತು

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನಲ್ಲಿ ದಾರಿ ಕೇಳಿದರೆ, ‘ಮೋರಿ ದಾಟಿ ಎಡಕ್ಕೆ ಹೋಗಿ’ ಅನ್ನುತ್ತಾರೆ. ಆ ಮೋರಿ ಎಷ್ಟೋ ಸಲ ರಾಜಕಾಲುವೆಯೇ ಆಗಿರುತ್ತದೆ. ನಾವು ಮೂಗು ಮುಚ್ಚಿಕೊಂಡು ದಾಟುತ್ತೇವೆ. ಚರಂಡಿ, ಮೋರಿ, ರಾಜಕಾಲುವೆ, ಮೂರೂ ನಮ್ಮ ಬಾಯಲ್ಲಿ ಒಂದೇ ಆಗಿಹೋಗಿವೆ. ಇದು ನನಗೆ ಸಂಕಟದ ವಿಷಯ.

ರಾಜಕಾಲುವೆ ಹುಟ್ಟಿದ್ದು ಮಳೆನೀರಿಗಾಗಿ, ಕೊಳಚೆಗಲ್ಲ. ಬೆಂಗಳೂರು ಕೂತಿರುವುದು ದಿಣ್ಣೆಯ ಮೇಲೆ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ಹೆಬ್ಬಾಳ ಮತ್ತು ಕೋರಮಂಗಲ–ಚಲ್ಲಘಟ್ಟ ಕಣಿವೆಗಳ ನೀರು ದಕ್ಷಿಣ ಪಿನಾಕಿನಿಗೆ ಇಳಿಯುತ್ತದೆ. ವೃಷಭಾವತಿಯದು ಅರ್ಕಾವತಿ ಸೇರಿ ಕಾವೇರಿಗೆ. ಹಿರಿಯರು ಆ ಇಳಿಜಾರಿಗೆ ಅಡ್ಡಲಾಗಿ ಏರಿ ಕಟ್ಟಿ, ಒಂದರ ಕೆಳಗೊಂದು ಕೆರೆ ಮಾಡಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ. ಆ ನಡುವಿನ ದಾರಿಯೇ ರಾಜಕಾಲುವೆ. ತೂಬು ನೋಡಿಕೊಳ್ಳಲು ನೀರುಗಂಟಿ ಇರುತ್ತಿದ್ದ. ಕೆರೆ ಕೋಡಿ ಬಿದ್ದ ದಿನ ಊರಿಗೆ ಹಬ್ಬ, ಗಂಗಮ್ಮನಿಗೆ ಬಾಗಿನ. ಕೋಡಿಹಳ್ಳಿ, ಕೋಡಿಚಿಕ್ಕನಹಳ್ಳಿ ಎಂಬ ಹೆಸರುಗಳನ್ನು ಬಸ್ಸಿನ ಬೋರ್ಡಿನಲ್ಲಿ ಈಗಲೂ ಓದುತ್ತೇವೆ.

ಧರ್ಮಾಂಬುಧಿ ಕೆರೆಯಂಗಳದಲ್ಲಿ ಇಂದು ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ. ಉಳಿದ ಕಾಲುವೆಗಳಿಗೆ ಮನೆಮನೆಯ ಕೊಳಚೆ ಬಿಟ್ಟೆವು. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿತು. 2017ರಲ್ಲಿ ಆ ಕೆರೆಯಲ್ಲೇ ಬೆಂಕಿ ಎದ್ದಿತು. ಕೆರೆಗೆ ಬೆಂಕಿ! ಈ ಮಾತು ನಮ್ಮ ಅಜ್ಜಿಯರಿಗೆ ಅರ್ಥವೇ ಆಗುತ್ತಿರಲಿಲ್ಲ.

2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಆಸುಪಾಸು ಮುಳುಗಿ, ಜನ ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದರು. ಆಗ ಎಲ್ಲರೂ ಆಡಿದ ಮಾತು, ‘ಮನೆಗೆ ನೀರು ನುಗ್ಗಿತು’. ನುಗ್ಗುವುದು ಕಳ್ಳನ ಕೆಲಸ. ಹಳ್ಳಿಯಲ್ಲಿ ತುಂಬಿ ಬಂದ ಇದೇ ನೀರಿಗೆ ‘ಗಂಗೆ ಬಂದಳು’ ಅನ್ನುತ್ತೇವೆ. ಮನೆ ಮುಳುಗಿದವರ ನೋವು ದೊಡ್ಡದು, ಅದನ್ನು ನಾನು ಸಣ್ಣದು ಮಾಡುತ್ತಿಲ್ಲ. ಆದರೆ ನೀರು ತನ್ನ ಹಳೆಯ ದಾರಿ ಹಿಡಿದೇ ಬಂದಿತ್ತು.

ಇನ್ನೊಂದು ಬೆರಕೆ ನಮ್ಮ ಮನೆಗಳಲ್ಲೇ ಇದೆ. ಎಷ್ಟೋ ಕಡೆ ತಾರಸಿಯ ಮಳೆನೀರಿನ ಕೊಳವೆಯನ್ನು ಒಳಚರಂಡಿಯ ಛೇಂಬರಿಗೆ ಸೇರಿಸಿರುತ್ತಾರೆ. ಜೋರು ಮಳೆಗೆ ಮ್ಯಾನ್‌ಹೋಲ್ ಉಕ್ಕುವುದಕ್ಕೆ ಇದೂ ಒಂದು ಕಾರಣ. ನಾಳೆ ಬೆಳಿಗ್ಗೆ ನಿಮ್ಮ ಮನೆಯ ಕೊಳವೆ ಎಲ್ಲಿಗೆ ಇಳಿದಿದೆ, ನೋಡಿ. ಛೇಂಬರಿಗಾದರೆ, ದಯವಿಟ್ಟು ಅಲ್ಲಿಂದ ಬಿಡಿಸಿ ತೊಟ್ಟಿಗೋ ಇಂಗುಗುಂಡಿಗೋ ತಿರುಗಿಸಿ.

ನಮಸ್ಕಾರ.