ಉಳಿದವರ ತಂಡ

ನಮಸ್ಕಾರ. ಈಗ ನೀವು ನೋಡುತ್ತಿರುವ ದೃಶ್ಯವನ್ನು ನಾನು ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಆರು ಗಂಟೆಗೆ, ಅಮೆರಿಕದಲ್ಲಿ ನಾನು ಓದುತ್ತಿರುವ ವಿಶ್ವವಿದ್ಯಾಲಯದ ಅಭ್ಯಾಸ ಮೈದಾನದ ಬೇಲಿಯಾಚೆ ನಿಂತು ಚಿತ್ರೀಕರಿಸಿದೆ. ಒಳಗೆ ಯಾರನ್ನೂ ಬಿಡುವುದಿಲ್ಲ, ಕ್ಯಾಮೆರಾ ಹಿಡಿದವರನ್ನು ಬೇಲಿಯ ಬಳಿಯೂ ಹೆಚ್ಚು ಹೊತ್ತು ನಿಲ್ಲಗೊಡುವುದಿಲ್ಲ. ಹಾಗಾಗಿ ಇದರಲ್ಲಿ ಕಾಣುವುದಕ್ಕಿಂತ ಕೇಳುವುದೇ ಹೆಚ್ಚು: ಸೀಟಿಯ ಸದ್ದು, ಎದೆಕವಚಗಳು ಒಂದಕ್ಕೊಂದು ಬಡಿಯುವ ಸದ್ದು, ಯಾರೋ ಒಂದೇ ಪದವನ್ನು ಮತ್ತೆ ಮತ್ತೆ ಕೂಗುತ್ತಿರುವ ಸದ್ದು.

ಫುಟ್ಬಾಲ್ ಎಂದ ಕೂಡಲೇ ನಮ್ಮವರ ಕಣ್ಣಿಗೆ ಕಟ್ಟುವ ಆಟ ಇದಲ್ಲ. ಇದು ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಹಿಡಿದವನನ್ನು ನೆಲಕ್ಕೆ ಕೆಡಹುವ ಅಮೆರಿಕನ್ ಫುಟ್ಬಾಲ್. ಕಾಲೇಜು ಮಟ್ಟದಲ್ಲಿಯೂ ಇದಕ್ಕೆ ಎಂಬತ್ತು, ತೊಂಬತ್ತು ಸಾವಿರ ಜನ ಕೂರುವ ಕ್ರೀಡಾಂಗಣಗಳಿವೆ. ನಮ್ಮ ಕ್ರೀಡಾಂಗಣ ಅಷ್ಟು ದೊಡ್ಡದಲ್ಲ, ಮತ್ತು ಕಳೆದ ವರ್ಷ ಅದರ ಅರ್ಧ ಭಾಗವೂ ತುಂಬುತ್ತಿರಲಿಲ್ಲ. 12 ಪಂದ್ಯಗಳಲ್ಲಿ ನಮ್ಮ ತಂಡ ಗೆದ್ದದ್ದು 2.

ನಾನು ಆಟಗಾರನಲ್ಲ. ಸಂಖ್ಯಾಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿರುವ ನಾನು, ವಾರಕ್ಕೆ ಎರಡು ಸಂಜೆ ಕ್ರೀಡಾಪಟುಗಳ ಅಧ್ಯಯನ ಕೊಠಡಿಯಲ್ಲಿ ಕುಳಿತು, ಪದವಿಯ ಮೊದಲ ಹಂತದ ಸಂಖ್ಯಾಶಾಸ್ತ್ರವನ್ನು ಹೇಳಿಕೊಡುವ ಕೆಲಸ ಮಾಡುತ್ತೇನೆ. ನನ್ನ ಮೇಜಿಗೆ ಬರುತ್ತಿದ್ದ ಒಂಬತ್ತು ಫುಟ್ಬಾಲ್ ಆಟಗಾರರ ಮೂಲಕವೇ ಈ ತಂಡ ನನಗೆ ಪರಿಚಯವಾದದ್ದು. ಹೊಸ ತರಬೇತುದಾರ ಬಂದು ಮುಳುಗುತ್ತಿದ್ದ ತಂಡವನ್ನು ಎತ್ತುವುದು ಹೇಗೆ ಎಂಬ ಪ್ರಶ್ನೆಗೆ ನಾನು ಆ ಮೇಜಿನಿಂದ ಕಂಡಷ್ಟನ್ನು ಮತ್ತು ಆಮೇಲೆ ಓದಿ ತಿಳಿದಷ್ಟನ್ನು ಇಲ್ಲಿ ಹೇಳುತ್ತೇನೆ.

ಹಳೆಯ ತರಬೇತುದಾರರನ್ನು ಕೊನೆಯ ಪಂದ್ಯಕ್ಕೂ ಮೊದಲೇ ಕಳುಹಿಸಲಾಯಿತು. ಒಪ್ಪಂದದ ಅವಧಿ ಮುಗಿಯುವ ಮುನ್ನ ಕಳುಹಿಸಿದರೆ ಉಳಿದ ವರ್ಷಗಳ ಹಣವನ್ನು ಕೊಡಬೇಕಾಗುತ್ತದೆ ಎಂಬುದು ಇಲ್ಲಿನ ವಿಚಿತ್ರ. 2023ರಲ್ಲಿ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯವು ಜಿಂಬೊ ಫಿಶರ್ ಅವರನ್ನು ಬಿಡಿಸಲು ಒಪ್ಪಿಕೊಂಡ ಬಾಕಿ 7.5 ಕೋಟಿ ಡಾಲರನ್ನೂ ಮೀರಿತ್ತು. ಕೆಲಸ ಮಾಡದಿರುವುದಕ್ಕೆ ಇಷ್ಟು ಸಂಬಳ ಸಿಗುವ ಇನ್ನೊಂದು ವೃತ್ತಿಯನ್ನು ನಾನು ಕಂಡಿಲ್ಲ.

ಹೊಸಬರು ಬಂದ ದಿನ ಭಾಷಣವಾಯಿತು, ವಾದ್ಯವಾಯಿತು, ಹೊಸ ಅಂಗಿಗಳ ಮಾರಾಟವಾಯಿತು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ ಎಂಬ ಗಾದೆ ನನಗೆ ನೆನಪಾಯಿತು, ನಗುವೂ ಬಂತು. ಹೊಸ ತರಬೇತುದಾರ ಎಂದರೆ ಹೊಸ ತಂತ್ರ, ಹೊಸ ಆಟದ ಶೈಲಿ ಎಂದು ನಾನು ಭಾವಿಸಿದ್ದೆ. ಆದರೆ ಮೊದಲ ಎಂಟು ವಾರಗಳಲ್ಲಿ ಅವರು ಆಟದ ವಿಷಯಕ್ಕೆ ಕೈ ಹಾಕಿದ ಹಾಗೆಯೇ ಕಾಣಲಿಲ್ಲ. ಅವರು ಮಾಡಿದ್ದು ಎಣಿಕೆ. ಯಾರು ಉಳಿಯುತ್ತಾರೆ, ಯಾರು ಹೋಗುತ್ತಾರೆ, ಯಾರನ್ನು ಉಳಿಸಿಕೊಳ್ಳಬೇಕು, ಯಾರು ಹೋದರೆ ಒಳ್ಳೆಯದು ಎಂಬ ಎಣಿಕೆ. ಡಿಸೆಂಬರ್ ಮೊದಲ ವಾರದಲ್ಲಿ ಪ್ರೌಢಶಾಲೆಯ ಆಟಗಾರರು ತಾವು ಸೇರುವ ಕಾಲೇಜಿನೊಂದಿಗೆ ಸಹಿ ಹಾಕುವ ದಿನ ಬರುತ್ತದೆ. ಜನವರಿಯಲ್ಲಿ ಎರಡು ವಾರ, ಕಾಲೇಜು ಬದಲಿಸಬಯಸುವ ಆಟಗಾರರಿಗೆ ವರ್ಗಾವಣೆಯ ಬಾಗಿಲು ತೆರೆಯುತ್ತದೆ. ಫೆಬ್ರುವರಿ ಹೊತ್ತಿಗೆ ನನ್ನ ಮೇಜಿನ ಒಂಬತ್ತು ಮಂದಿಯಲ್ಲಿ ನಾಲ್ವರು ಉಳಿದಿದ್ದರು. ಹೋದವರಲ್ಲಿ ಒಬ್ಬನ ನೋಟ್‌ಬುಕ್ ಇನ್ನೂ ನನ್ನ ಬಳಿಯೇ ಇದೆ.

ಈ ವರ್ಗಾವಣೆಯ ಬಾಗಿಲಿನ ಕಥೆ ಗೊತ್ತಿಲ್ಲದಿದ್ದರೆ ಇಂದಿನ ತಂಡ ಕಟ್ಟುವ ಕೆಲಸ ಅರ್ಥವಾಗುವುದಿಲ್ಲ. ಮೊದಲು ಆಟಗಾರನೊಬ್ಬ ಕಾಲೇಜು ಬದಲಿಸಿದರೆ ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. 2018ರ ಅಕ್ಟೋಬರ್‌ನಲ್ಲಿ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆಯಾದ ಎನ್‌ಸಿಎಎ ಟ್ರಾನ್ಸ್‌ಫರ್ ಪೋರ್ಟಲ್ ಎಂಬ, ಕಾಲೇಜು ಬದಲಿಸಬಯಸುವವರ ಹೆಸರು ನಮೂದಿಸುವ ದಾಖಲೆ ವ್ಯವಸ್ಥೆಯನ್ನು ತಂದಿತು. 2021ರಲ್ಲಿ, ಒಂದು ವರ್ಷ ಕೂರದೆಯೇ ಒಂದು ಸಲ ಕಾಲೇಜು ಬದಲಾಯಿಸಬಹುದು ಎಂದಿತು. 2024ರಲ್ಲಿ, ಓದಿನಲ್ಲಿ ಅರ್ಹತೆ ಉಳಿಸಿಕೊಂಡವರು ಎಷ್ಟು ಸಲವಾದರೂ ಹೋಗಬಹುದು ಎಂದಿತು. 2021ರ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಚಿತ್ರಗಳಿಂದ ಹಣ ಗಳಿಸುವುದಕ್ಕೆ ಅವಕಾಶವಾಯಿತು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯ ಪ್ರಕಾರ, ವಿಶ್ವವಿದ್ಯಾಲಯಗಳೇ ಆ ಶೈಕ್ಷಣಿಕ ವರ್ಷದಲ್ಲಿ ಎಲ್ಲ ಕ್ರೀಡೆಗಳೂ ಸೇರಿ ಸುಮಾರು 2.05 ಕೋಟಿ ಡಾಲರ್‌ವರೆಗೆ ಆಟಗಾರರಿಗೆ ಹಂಚಬಹುದಾಯಿತು. ಫುಟ್ಬಾಲ್ ತಂಡದಲ್ಲಿ 85 ವಿದ್ಯಾರ್ಥಿವೇತನಗಳ ಮಿತಿ ಹೋಗಿ 105 ಆಟಗಾರರ ಮಿತಿ ಬಂತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಈಗ ದೊಣ್ಣೆ ಆಟಗಾರನ ಕೈಯಲ್ಲಿಯೂ ಇದೆ. ಇದನ್ನು ನಾನು ದೂರುವುದಿಲ್ಲ. ತರಬೇತುದಾರರು ಹಿಂದಿನಿಂದಲೂ ರಾತ್ರೋರಾತ್ರಿ ಊರು ಬಿಡುತ್ತಿದ್ದರು. ಹುಡುಗರು ಮಾತ್ರ ಕಾಯಬೇಕಿತ್ತು.

ಹಾಗಾದರೆ ಮೊದಲು ಹೇಗೆ ಕಟ್ಟುತ್ತಿದ್ದರು? ಈ ವಿಷಯ ಎತ್ತಿದರೆ ಎಲ್ಲರೂ ಹೇಳುವ ಹೆಸರು ಬಿಲ್ ಸ್ನೈಡರ್. ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದ ತಂಡ 1987 ಮತ್ತು 1988ರ ಎರಡು ಇಡೀ ಸೀಸನ್‌ಗಳಲ್ಲಿ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಒಂದನ್ನು ಡ್ರಾ ಮಾಡಿಕೊಂಡಿತ್ತು, ಅಷ್ಟೆ. 1988ರ ಕೊನೆಯಲ್ಲಿ ಅಲ್ಲಿಗೆ ಬಂದ ಸ್ನೈಡರ್‌ಗೆ ಆಗ 49 ವರ್ಷ. ಅದಕ್ಕೂ ಮೊದಲು ಅಯೋವಾ ವಿಶ್ವವಿದ್ಯಾಲಯದಲ್ಲಿ ಮುಖ್ಯ ತರಬೇತುದಾರ ಹೇಡನ್ ಫ್ರೈ ಅವರ ಕೈಕೆಳಗೆ ದಾಳಿ ವಿಭಾಗವನ್ನು ನೋಡಿಕೊಳ್ಳುತ್ತಿದ್ದರು. ಮೊದಲ ಗೆಲುವು 1989ರ ಸೆಪ್ಟೆಂಬರ್ 30ರಂದು, ನಾರ್ತ್ ಟೆಕ್ಸಸ್ ವಿರುದ್ಧ 20-17ರಿಂದ, ಪಂದ್ಯದ ಕಟ್ಟಕಡೆಯ ಎಸೆತದಲ್ಲಿ ಬಂತು. ಆ ವರ್ಷದ ಲೆಕ್ಕ 1 ಗೆಲುವು, 10 ಸೋಲು. ಇಂದಿನ ದಿನಗಳಲ್ಲಿ ಅಂಥ ಲೆಕ್ಕದ ತರಬೇತುದಾರರ ಬಗ್ಗೆ ಏನೇನು ಬರೆಯುತ್ತಿದ್ದರು ಎಂದು ಊಹಿಸಿಕೊಳ್ಳಿ. ಮರುವರ್ಷ 5 ಗೆಲುವು, ಅದರ ಮರುವರ್ಷ 7, ಮತ್ತೆ 5ಕ್ಕೆ ಇಳಿತ, 1993ರಲ್ಲಿ 9. 1998ರ ನಿಯಮಿತ ಪಂದ್ಯಗಳಲ್ಲಿ ಸೋಲೇ ಇಲ್ಲ. 2003ರಲ್ಲಿ ಒಕ್ಲಹೋಮಾವನ್ನು 35-7ರಿಂದ ಮಣಿಸಿ ಬಿಗ್ 12 ಲೀಗಿನ ಪಟ್ಟ.

ಸ್ನೈಡರ್ ಅವರ ತಾಳ್ಮೆಯನ್ನು ಎಲ್ಲರೂ ಹೊಗಳುತ್ತಾರೆ, ಆದರೆ ಅವರ ಜಾಣತನವನ್ನು ಅಷ್ಟಾಗಿ ಹೇಳುವುದಿಲ್ಲ. ಪ್ರತಿಭಾವಂತ ಪ್ರೌಢಶಾಲಾ ಆಟಗಾರರು ಸೋಲುವ ತಂಡಕ್ಕೆ ಬರುವುದಿಲ್ಲ ಎಂಬುದನ್ನು ಒಪ್ಪಿಕೊಂಡು, ಅವರು ಎರಡು ವರ್ಷದ ಜೂನಿಯರ್ ಕಾಲೇಜುಗಳಿಂದ, ಮೈ ಬಲಿತ, ತಕ್ಷಣ ಆಡಬಲ್ಲ ಹುಡುಗರನ್ನು ಕರೆತಂದರು. ಲೀಗಿನ ಹೊರಗಿನ ಪಂದ್ಯಗಳಿಗೆ ದುರ್ಬಲ ಎದುರಾಳಿಗಳನ್ನು ಆರಿಸಿಕೊಂಡರು. ಅದಕ್ಕಾಗಿ ಬೈಗುಳವನ್ನೂ ತಿಂದರು. ನನ್ನ ಮಟ್ಟಿಗೆ ಅದು ಸರಿಯಾದ ಲೆಕ್ಕಾಚಾರ. ವರ್ಷಗಟ್ಟಲೆ ಸೋತ ತಂಡಕ್ಕೆ ಗೆಲ್ಲುವುದನ್ನೂ ಅಭ್ಯಾಸ ಮಾಡಿಸಬೇಕಾಗುತ್ತದೆ, ಮತ್ತು ಅಭ್ಯಾಸವನ್ನು ಯಾರೂ ಅತಿ ಕಠಿಣವಾದುದರಿಂದ ಆರಂಭಿಸುವುದಿಲ್ಲ.

ಈಗ ಇನ್ನೊಂದು ತುದಿಗೆ ಬರೋಣ. ಇಂಡಿಯಾನಾ ವಿಶ್ವವಿದ್ಯಾಲಯದ ತಂಡ ತನ್ನ ಇತಿಹಾಸದಲ್ಲಿ 700ಕ್ಕೂ ಹೆಚ್ಚು ಪಂದ್ಯಗಳನ್ನು ಸೋತಿತ್ತು. ಒಂದು ಸೀಸನ್‌ನಲ್ಲಿ 10 ಪಂದ್ಯ ಗೆದ್ದದ್ದೇ ಇರಲಿಲ್ಲ. 2023ರಲ್ಲಿ 3 ಗೆಲುವು, 9 ಸೋಲು. ಆ ನವೆಂಬರ್ ಕೊನೆಗೆ ಕರ್ಟ್ ಸಿಗ್ನೆಟ್ಟಿ ಬಂದರು. ಆಗ ಅವರಿಗೆ 62 ವರ್ಷ. ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಮುಖ್ಯ ತರಬೇತುದಾರ ನಿಕ್ ಸಬಾನ್ ಅವರ ಸಹಾಯಕರಾಗಿದ್ದು, ಆ ದೊಡ್ಡ ಕೆಲಸವನ್ನು 2011ರಲ್ಲಿ ಬಿಟ್ಟು, ಎರಡನೆಯ ಶ್ರೇಣಿಯ ಸಣ್ಣ ತಂಡವೊಂದಕ್ಕೆ ಮುಖ್ಯ ತರಬೇತುದಾರರಾಗಿ ಹೋದವರು ಅವರು. ಇಂಡಿಯಾನಾಗೆ ಬರುವಾಗ ತಾವು ಬಿಟ್ಟುಬಂದ ಜೇಮ್ಸ್ ಮ್ಯಾಡಿಸನ್ ತಂಡದಿಂದ 13 ಆಟಗಾರರನ್ನು ಜೊತೆಗೆ ತಂದರು. ಆಟಗಾರನಿಗೆ ಎಷ್ಟು ಭವಿಷ್ಯವಿದೆ ಎಂಬುದಕ್ಕಿಂತ ಅವನು ಈಗಾಗಲೇ ಏನು ಮಾಡಿ ತೋರಿಸಿದ್ದಾನೆ ಎಂಬುದನ್ನು ನೋಡುವುದು ಅವರ ಪದ್ಧತಿ. 2024ರಲ್ಲಿ ತಂಡ 11 ಪಂದ್ಯ ಗೆದ್ದಿತು. 2025ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ವರ್ಗಾವಣೆಯಾಗಿ ಬಂದ, ದಾಳಿಯನ್ನು ನಡೆಸಿ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಫರ್ನಾಂಡೊ ಮೆಂಡೋಜಾ, ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿ ಪಡೆದರು. ಬಿಗ್ ಟೆನ್ ಲೀಗಿನ ಫೈನಲ್‌ನಲ್ಲಿ ಒಹಾಯೊ ಸ್ಟೇಟ್ ವಿರುದ್ಧ 13-10, ರೋಸ್ ಬೌಲ್ ಪಂದ್ಯದಲ್ಲಿ ಅಲಬಾಮಾ ವಿರುದ್ಧ 38-3, ಕೊನೆಗೆ 2026ರ ಜನವರಿ 19ರಂದು ಮಯಾಮಿಯನ್ನು 27-21ರಿಂದ ಸೋಲಿಸಿ ರಾಷ್ಟ್ರೀಯ ಪ್ರಶಸ್ತಿ. 16 ಪಂದ್ಯ, 16 ಗೆಲುವು.

ಈ ಕಥೆಯನ್ನು ಹೊರಗಿನಿಂದ ತಂದು ಗೆದ್ದರು ಎಂದು ಹೇಳಿ ಮುಗಿಸುವವರೇ ಹೆಚ್ಚು. ಅದು ಅರ್ಧ ಸತ್ಯ. 2025ರ ನವೆಂಬರ್‌ನಲ್ಲಿ ಪೆನ್ ಸ್ಟೇಟ್ ವಿರುದ್ಧ, ಇನ್ನೇನು 36 ಸೆಕೆಂಡುಗಳು ಉಳಿದಿರುವಾಗ, ಅಂಗಣದ ಹಿಂಗೆರೆಯ ಒಳಗೆ ಒಂದೇ ಪಾದದ ತುದಿಯನ್ನು ಊರಿ ಚೆಂಡು ಹಿಡಿದು 27-24ರ ಗೆಲುವು ತಂದ ಓಮರ್ ಕೂಪರ್ ಜೂನಿಯರ್ ಹೊರಗಿನವರಲ್ಲ. ಸಿಗ್ನೆಟ್ಟಿ ಬರುವ ಮೊದಲೇ, ತಂಡ ಸೋಲುತ್ತಿದ್ದ ವರ್ಷಗಳಲ್ಲಿಯೇ ಅಲ್ಲಿದ್ದವರು. ಮೆಂಡೋಜಾ ಅವರ ಎಡಬದಿಯನ್ನು ಕಾಯುತ್ತಿದ್ದ ಕಾರ್ಟರ್ ಸ್ಮಿತ್ ಕೂಡ ಹಾಗೆಯೇ. ಇಬ್ಬರೂ 2022ರಲ್ಲಿ ಸೇರಿದವರು, ಬಿಟ್ಟು ಹೋಗಬಹುದಾಗಿದ್ದವರು.

ಕೊಲರಾಡೊ ವಿಶ್ವವಿದ್ಯಾಲಯದ ಲೆಕ್ಕವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 2022ರಲ್ಲಿ ಅಲ್ಲಿ 1 ಗೆಲುವು, 11 ಸೋಲು. ಹೊಸ ತರಬೇತುದಾರ ಡಿಯಾನ್ ಸ್ಯಾಂಡರ್ಸ್ ಬಂದವರೇ, ಇರುವವರು ಪೋರ್ಟಲ್ ಸೇರಲಿ ಎಂದು ಮೊದಲ ಸಭೆಯಲ್ಲಿಯೇ ಹೇಳಿದರು. ತಂಡವನ್ನು ಹೆಚ್ಚುಕಡಿಮೆ ಪೂರ್ತಿ ಬದಲಿಸಿದರು. ಗೆಲುವುಗಳು 4ಕ್ಕೆ, ಆಮೇಲೆ 9ಕ್ಕೆ ಏರಿ, ಹೆಸರಾಂತ ಆಟಗಾರರು ಹೊರಟ ಮೇಲೆ 2025ರಲ್ಲಿ 3ಕ್ಕೆ ಇಳಿದವು. ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ತರಬೇತುದಾರರನ್ನು ಬದಲಿಸಲೇ ಇಲ್ಲ: ಕ್ಲಾರ್ಕ್ ಲೀ 2021ರಲ್ಲಿ 2 ಪಂದ್ಯ ಗೆದ್ದರು, 2023ರಲ್ಲಿ ಮತ್ತೆ 2, 2024ರ ಅಕ್ಟೋಬರ್‌ನಲ್ಲಿ ಮೊದಲ ಸ್ಥಾನದಲ್ಲಿದ್ದ ಅಲಬಾಮಾವನ್ನು 40-35ರಿಂದ ಸೋಲಿಸಿದರು. ವಿದ್ಯಾರ್ಥಿಗಳು ಗೋಲುಕಂಬವನ್ನು ಕಿತ್ತು, ಊರಿನ ಬೀದಿಗಳಲ್ಲಿ ಹೊತ್ತು ನಡೆದು, ಕಂಬರ್ಲೆಂಡ್ ನದಿಗೆ ಎಸೆದರು. ಆ ದೃಶ್ಯವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಈಗ ಮತ್ತೆ ನನ್ನ ಮೇಜಿಗೆ. ಉಳಿದ ನಾಲ್ವರಲ್ಲಿ ಒಬ್ಬ ಲೈನ್‌ಮನ್. ಅವನ ಹೆಸರು, ಅಂಗಿಯ ಸಂಖ್ಯೆ ಎರಡನ್ನೂ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ಕ್ವಾರ್ಟರ್‌ಬ್ಯಾಕ್‌ನ ಮುಂದೆ ಗೋಡೆಯಂತೆ ನಿಲ್ಲುವ ಐವರಲ್ಲಿ ಒಬ್ಬನಾಗುವುದು ಅವನ ಗುರಿ. ಸಾಮಾನ್ಯವಾಗಿ ಆ ಐವರಿಗೆ ಚೆಂಡು ಸಿಗುವುದಿಲ್ಲ, ಅಂಕ ಸಿಗುವುದಿಲ್ಲ, ತಪ್ಪಾದಾಗ ಮಾತ್ರ ಅವರ ಸಂಖ್ಯೆಯನ್ನು ಧ್ವನಿವರ್ಧಕದಲ್ಲಿ ಕೂಗುತ್ತಾರೆ. ಆದರೆ ತಂಡ ಕಟ್ಟುವ ಕೆಲಸದಲ್ಲಿ ಎಲ್ಲಕ್ಕಿಂತ ನಿಧಾನವಾದ ಭಾಗ ಇದೇ ಎಂದು ನನಗೆ ಅರ್ಥವಾದದ್ದು ಅವನು ಒಂದು ಸಂಜೆ ಸಂಭವನೀಯತೆಯ ಲೆಕ್ಕವನ್ನು ಬದಿಗಿಟ್ಟು, ನನ್ನ ಹಾಳೆಯ ಮೇಲೆ ಐದು ಸೊನ್ನೆಗಳನ್ನು ಬರೆದು ವಿವರಿಸಿದಾಗ. ಚೆಂಡು ಚಲಿಸುವ ಮುನ್ನಿನ ಕೆಲವೇ ಸೆಕೆಂಡುಗಳಲ್ಲಿ ನಡುವಿನವನು ಎದುರಾಳಿಗಳ ನಿಲುವನ್ನು ಓದಿ ಒಂದು ಪದ ಕೂಗುತ್ತಾನೆ. ಆ ಪದದಿಂದ ಯಾರು ಯಾರನ್ನು ತಡೆಯಬೇಕೆಂಬುದು ಐವರಿಗೂ ಬದಲಾಗುತ್ತದೆ. ಕೆಲವೊಮ್ಮೆ ಇಬ್ಬರು ಸೇರಿ ಒಬ್ಬನನ್ನು ತಳ್ಳಬೇಕು, ಹಿಂದಿನಿಂದ ಇನ್ನೊಬ್ಬ ನುಗ್ಗಿದ ಕ್ಷಣ ಒಬ್ಬ ಬಿಟ್ಟು ಅತ್ತ ತಿರುಗಬೇಕು. ಯಾರು ಬಿಡಬೇಕು ಎಂಬುದನ್ನು ಮಾತಾಡಿ ತೀರ್ಮಾನಿಸುವಷ್ಟು ಸಮಯವಿರುವುದಿಲ್ಲ. ಪಕ್ಕದವನ ಭುಜದ ಒತ್ತಡದಿಂದಲೇ ತಿಳಿಯಬೇಕು. ವೇಗದ ಓಟಗಾರನೊಬ್ಬನನ್ನು ಜನವರಿಯಲ್ಲಿ ಹಣ ಕೊಟ್ಟು ತಂದರೆ ಅವನು ಸೆಪ್ಟೆಂಬರ್‌ನಲ್ಲಿ ಓಡುತ್ತಾನೆ. ಐವರು ಒಳ್ಳೆಯ ಲೈನ್‌ಮನ್‌ಗಳನ್ನು ಐದು ಕಡೆಯಿಂದ ತಂದರೆ, ಸೆಪ್ಟೆಂಬರ್‌ನಲ್ಲಿಯೂ ಅವರು ಒಳ್ಳೆಯ ಐವರು ಅಪರಿಚಿತರಾಗಿರಬಹುದು.

ಹೊಸ ತರಬೇತುದಾರರಿಗೆ ಇದು ಗೊತ್ತಿತ್ತು. ಅವರು ಉಳಿಸಿಕೊಳ್ಳಲು ಅತಿ ಹೆಚ್ಚು ಹೊತ್ತು ಮಾತಾಡಿದ್ದು ಅಂಕ ಗಳಿಸುವವರೊಂದಿಗೆ ಅಲ್ಲ, ಲೈನಿನವರೊಂದಿಗೆ ಎಂದು ಅವನು ಹೇಳಿದ. ಬೇರೆ ಬದಲಾವಣೆಗಳು ಕೇಳಲು ಸಪ್ಪೆ. ಅಭ್ಯಾಸದ ಅವಧಿ ಕಡಿಮೆಯಾಯಿತು, ಆದರೆ ಒಂದು ಕಸರತ್ತಿನಿಂದ ಇನ್ನೊಂದಕ್ಕೆ ಓಡಿಯೇ ಹೋಗಬೇಕು. ಪ್ರತಿ ಅಭ್ಯಾಸದ ವಿಡಿಯೊವನ್ನು ಅಂದೇ ನೋಡಬೇಕು. ತರಗತಿಗೆ ತಪ್ಪಿಸಿಕೊಂಡವರ ಪಟ್ಟಿ ತರಬೇತುದಾರರ ಕೈಗೇ ಹೋಗುತ್ತದೆ. ಇದರಿಂದ ನನ್ನ ಮೇಜಿಗೆ ಬರುವವರು ಸಮಯಕ್ಕೆ ಸರಿಯಾಗಿ, ಕೆಲವೊಮ್ಮೆ ಐದು ನಿಮಿಷ ಮೊದಲೇ ಬರತೊಡಗಿದರು. ವಸಂತದಲ್ಲಿ ನಿಯಮ ಕೊಡುವ 15 ಅಭ್ಯಾಸಗಳೂ ಹೀಗೆಯೇ ಕಳೆದವು. ಹೊರಗಿನಿಂದ ಬಂದ ಇಬ್ಬರು ಲೈನ್‌ಮನ್‌ಗಳಲ್ಲಿ ಒಬ್ಬ ನನ್ನ ವಿದ್ಯಾರ್ಥಿಯ ಜಾಗಕ್ಕೇ ಬಂದವನು.

ಆ ವಿಷಯವನ್ನು ಅವನು ನನಗೆ ಬಹಳ ದಿನ ಹೇಳಿರಲಿಲ್ಲ. ಏಪ್ರಿಲ್‌ನಲ್ಲಿ ಹೇಳಿದ: ತನ್ನ ಜಾಗದಲ್ಲಿ ಈಗ ಬೇರೆಯವನಿದ್ದಾನೆ, ತಾನು ಎರಡನೆಯವನು. ಮತ್ತೇಕೆ ಹೋಗಲಿಲ್ಲ ಎಂದು ಕೇಳಿದೆ. ಕೂಗುವ ಪದಗಳೆಲ್ಲ ಹೊಸಬನಿಗೆ ಇನ್ನೂ ಬಾಯಿಗೆ ಬಂದಿಲ್ಲ, ರಾತ್ರಿ ತಾನೇ ಹೇಳಿಕೊಡುತ್ತಿದ್ದೇನೆ ಎಂದ. ನಾನು ಕೇಳಿದ ಪ್ರಶ್ನೆಗೆ ಅದು ಉತ್ತರವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ನಮ್ಮ ತಂಡ ಈ ವರ್ಷ ಎಷ್ಟು ಪಂದ್ಯ ಗೆಲ್ಲುತ್ತದೆ ಎಂದು ಹಲವರು ಕೇಳಿದ್ದೀರಿ. 6 ಗೆದ್ದರೆ ಸೀಸನ್ ಕೊನೆಯ ಬೌಲ್ ಪಂದ್ಯಕ್ಕೆ ಅರ್ಹತೆ ಸಿಗುತ್ತದೆ. ನನ್ನ ಅಂದಾಜು 4 ಅಥವಾ 5. ಸಂಖ್ಯಾಶಾಸ್ತ್ರ ಓದಿದವನ ಅಂದಾಜಾದರೂ ಅದರಲ್ಲಿ ಆಸೆಯ ಪಾಲು ಬೆರೆತಿದೆ ಎಂದು ಒಪ್ಪಿಕೊಳ್ಳುತ್ತೇನೆ.

ಈಗ ಮತ್ತೆ ಮೊದಲ ದೃಶ್ಯ. ಬಲಬದಿಯ ಮೂಲೆಯಲ್ಲಿ ಐದು ಮಂದಿ ಬಾಗಿ ನಿಂತಿದ್ದಾರೆ, ಅವರ ಹಿಂದೆ ಇನ್ನೂ ಐದು ಮಂದಿ ಕಾಯುತ್ತಿದ್ದಾರೆ. ಹಿಂದಿನ ಸಾಲಿನಲ್ಲಿ, ಎಡದಿಂದ ಎರಡನೆಯವನು ಅವನು. ಮುಂದಿನ ಸಾಲಿನವನು ಯಾವ ಕಡೆ ತಿರುಗಬೇಕೆಂದು ಒಂದು ಕ್ಷಣ ತಡೆದಾಗ, ಹಿಂದಿನಿಂದ ಒಂದು ಪದ ಕೇಳಿಸುತ್ತದೆ. ಧ್ವನಿ ಹೆಚ್ಚಿಸಿಕೊಂಡು ಕೇಳಿ. ಅದು ಅವನದೇ ಕೂಗು.